ಹದಿನೇಳನೆಯ ಸಾಲು

ನನ್ನ ಕೋಣೆಯಲ್ಲಿ ನಿಯಮ ಒಂದೇ. ಒಂದನೇ ದಾರಿಯನ್ನು ಮುಟ್ಟಬಾರದು. ಬಾಗಿಲ ಮೇಲೆ ಕೆಂಪು ಅಕ್ಷರದಲ್ಲಿ ಬರೆದು ಅಂಟಿಸಿದ್ದೇನೆ, ಯಂತ್ರದ ನೆತ್ತಿಯ ಮೇಲೂ ಅಂಟಿಸಿದ್ದೇನೆ, ಹೊಸದಾಗಿ ಬರುವ ಪ್ರತಿಯೊಬ್ಬ ಸಂಶೋಧಕನ ಕಿವಿಯಲ್ಲಿ ಮೊದಲ ದಿನವೇ ಊದಿ ಕಳಿಸಿದ್ದೇನೆ. ಹೊಸಬರು ನಗುತ್ತಾರೆ. ಎರಡನೇ ವಾರಕ್ಕೆ ನಗು ನಿಲ್ಲುತ್ತದೆ. ನನಗೆ ಕೋಪ ಮೂಗಿನ ತುದಿಯಲ್ಲೇ ಇದೆ ಎಂದು ಈ ಕಟ್ಟಡದ ಮೂರು ಮಹಡಿಗೂ ಗೊತ್ತು. ಗೊತ್ತಿರುವುದು ಒಳ್ಳೆಯದೇ ಎಂದು ಮೊನ್ನೆಯವರೆಗೂ ಅಂದುಕೊಂಡಿದ್ದೆ.

ಆ ಸೋಮವಾರ ಬೆಳಿಗ್ಗೆ ನೋಡಿದರೆ, ಯಾರೋ ಒಂದನೇ ದಾರಿಯನ್ನು ಮುಟ್ಟಿದ್ದರು.

ದಾರಿ ಎಂದರೇನು ಎಂದು ಹೇಳದೆ ಕೂಗಾಡಿದರೆ ನನ್ನನ್ನು ಹುಚ್ಚಿ ಎನ್ನುತ್ತೀರಿ. ಕೇಳಿ. ಯಂತ್ರ ನೋಡಲು ಬಟ್ಟೆ ಒಗೆಯುವ ಯಂತ್ರದಷ್ಟಿದೆ. ಅದರೊಳಗೆ ಹೆಬ್ಬೆರಳ ಉಗುರಿನಷ್ಟು ಗಾಜಿನ ಚಿಪ್. ಗಾಜಿನ ಒಂದು ಮೈಗೆ ಚಿನ್ನದ ತೆಳು ಲೇಪ. ಕೆಳಗಿನಿಂದ ಬೆಳಕು ಬಂದು ಚಿನ್ನಕ್ಕೆ ತಾಗಿ ವಾಪಸು ಹೋಗುತ್ತದೆ. ಚಿನ್ನದ ಮೇಲೆ ಏನಾದರೂ ಬಂದು ಕೂತರೆ, ಕಣ್ಣಿಗೆ ಕಾಣದ ಪ್ರೋಟೀನೇ ಆಗಲಿ, ವಾಪಸಾಗುವ ಬೆಳಕಿನ ಕೋನ ಕೂದಲೆಳೆಯಷ್ಟು ಸರಿಯುತ್ತದೆ. ಸರಿದಷ್ಟು ಪರದೆಯ ಮೇಲೆ ಗೆರೆ ಏರುತ್ತದೆ. ಕೂತದ್ದು ಎದ್ದು ಹೋದರೆ ಇಳಿಯುತ್ತದೆ. ಯಾರು ಯಾರ ಜೊತೆ ಕೂಡುತ್ತಾರೆ, ಎಷ್ಟು ಹೊತ್ತು ಕೂತಿರುತ್ತಾರೆ, ಯಾವಾಗ ಬಿಟ್ಟು ಹೋಗುತ್ತಾರೆ, ಇಷ್ಟನ್ನೇ ಅದು ಹೇಳುವುದು. ಚಾಡಿ ಹೇಳುವ ಯಂತ್ರ ಎಂದು ನನ್ನ ತಮ್ಮ ಆಡಿಕೊಳ್ಳುತ್ತಾನೆ.

ಚಿಪ್ಪಿನ ಮೇಲೆ ಕೂದಲಿನಷ್ಟು ಸಣ್ಣ ನಾಲ್ಕು ಕಾಲುವೆಗಳು. ಅವಕ್ಕೆ ನಾವು ದಾರಿ ಎನ್ನುತ್ತೇವೆ. ಎರಡು, ಮೂರು, ನಾಲ್ಕರಲ್ಲಿ ಪರೀಕ್ಷೆಗೆ ಬೇಕಾದ ಪ್ರೋಟೀನನ್ನು ಕೂರಿಸುತ್ತೇವೆ, ಒಂದನೆಯದನ್ನು ಖಾಲಿ ಬಿಡುತ್ತೇವೆ. ಮಿಕ್ಕ ಉಪಚಾರವೆಲ್ಲ ನಾಲ್ಕಕ್ಕೂ ಸಮ. ಯಾಕೆಂದರೆ ಕೆಲವು ಪದಾರ್ಥಗಳು ಯಾರನ್ನೂ ಗುರುತಿಸುವುದಿಲ್ಲ, ಸಿಕ್ಕಿದ್ದಕ್ಕೆಲ್ಲ ಅಂಟಿಕೊಳ್ಳುತ್ತವೆ. ಅಂಥವು ಖಾಲಿ ದಾರಿಗೂ ಅಂಟಿ ಸಿಕ್ಕಿಬೀಳುತ್ತವೆ. ಎರಡನೇ ದಾರಿಯ ಗೆರೆಯಿಂದ ಒಂದನೆಯದನ್ನು ಕಳೆದ ಮೇಲೆ ಉಳಿಯುವುದು ನಿಜ. ಕಂಡಕಂಡವರನ್ನೆಲ್ಲ ತಬ್ಬಿಕೊಳ್ಳುವವನು ನೆಂಟನಲ್ಲ, ಅಷ್ಟೇ ಅದರ ಶಾಸ್ತ್ರ.

ತಮ್ಮ ಚಿಪ್ಪನ್ನು ತಾವೇ ಹಾಕಿ, ತಾವೇ ತೆಗೆದುಕೊಂಡು ಹೋಗುವುದು ಎಲ್ಲರ ರೂಢಿ. ಆ ಸೋಮವಾರ ಮಾತ್ರ ಒಂದು ಚಿಪ್ ಯಂತ್ರದೊಳಗೇ ಉಳಿದುಬಿಟ್ಟಿತ್ತು. ತೊಳೆಯೋಣವೆಂದು ನೀರು ಬಿಟ್ಟು ಅಂಕಿ ನೋಡಿದೆ. ಖಾಲಿ ದಾರಿಯ ಅಂಕಿ ಎಲ್ಲಕ್ಕಿಂತ ಕೆಳಗಿರಬೇಕು. ಖಾಲಿ ಎಂದ ಮೇಲೆ ಅದಕ್ಕೆ ಹೊರೆಯೆಲ್ಲಿಯದು? ಇಲ್ಲಿ ಅದು ಮಿಕ್ಕ ಮೂರನ್ನೂ ಮೀರಿ ಮೇಲೆ ನಿಂತಿತ್ತು. ಯಾರೋ ಅದರ ನೆಲಕ್ಕೆ ಮಾತ್ರ ದಪ್ಪಗೆ ಏನನ್ನೋ ಬಳಿದು, ಯಾವುದೂ ಅಂಟದ ಹಾಗೆ ಮಾಡಿದ್ದರು. ಹಾಗೆ ಮಾಡಿದರೆ, ಎಲ್ಲದಕ್ಕೂ ಅಂಟುವ ಪದಾರ್ಥ ಎರಡನೇ ದಾರಿಗೆ ಮಾತ್ರ ಅಂಟಿದಂತೆ ಕಾಣುತ್ತದೆ. ಕಳ್ಳತನಕ್ಕೆ ಇನ್ನೇನು ಬೇಕು?

ಮೈಯೆಲ್ಲ ಉರಿದುಹೋಯಿತು. ಕೈಗವಸು ಕಿತ್ತೆಸೆದು ಕಾರಿಡಾರಿಗೆ ಬಂದೆ.

"ಯಾರ್ರೀ ಅದು ಒಂದನೇ ದಾರಿಗೆ ಬಣ್ಣ ಬಳಿದಿರೋದು? ಮುಂದೆ ಬನ್ನಿ!"

ಏಳು ಜನ ಇದ್ದರು. ಆರು ಜನ ನೆಲ ನೋಡಿದರು. ಏಳನೆಯವನು ಟೈ ಸಾಹೇಬ. ಬೇಸಿಗೆಯಲ್ಲೂ ಕುತ್ತಿಗೆಗೆ ಟೈ ಬಿಗಿದುಕೊಂಡು ಬರುವ ಹಿರಿಯ ಸಂಶೋಧಕ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವನು ಟೈ ಮುಟ್ಟಿ ನೋಡಿಕೊಂಡ. ನನಗೆ ಅಷ್ಟೇ ಸಾಕಾಯಿತು.

"ನೀವೇ ತಾನೇ? ಹೋದ ತಿಂಗಳು ಗೆರೆ ಚೆನ್ನಾಗಿ ಬರ್ತಿಲ್ಲ ಅಂತ ಅಳ್ತಾ ಇದ್ದವರು ನೀವೇ ಅಲ್ವಾ? ನಾಚಿಕೆ ಆಗಲ್ವೇನ್ರೀ ಇಷ್ಟು ಓದಿ?"

"ಚಿಪ್ಪಕ್ಕ, ಹೋದ ವಾರ ಪೂರ್ತಿ ನಾನು ಊರಲ್ಲೇ ಇರ್ಲಿಲ್ಲ," ಎಂದ. ಚಿಪ್ಪಕ್ಕ ಎನ್ನುವುದು ಇಪ್ಪತ್ತೆರಡು ವರ್ಷದಿಂದ ಇಲ್ಲಿ ನನ್ನ ಹೆಸರು.

"ಕಳ್ಳನ ಮನಸ್ಸು ಊರಲ್ಲೇ ಇತ್ತಲ್ಲ!" ಎಂದು ಬಾಗಿಲು ದಬ್ಬಿ ಒಳಗೆ ಬಂದೆ. ನಾಲಿಗೆಗೆ ಎಲುಬಿಲ್ಲ ನೋಡಿ, ಹೇಗೆ ಬೇಕಾದರೂ ಹೊರಳುತ್ತದೆ.

ಬೈದಾದ ಮೇಲೆ ದಾಖಲೆ ತೆಗೆದು ನೋಡಿದೆ. ಮೊದಲು ನೋಡಿ ಆಮೇಲೆ ಬೈಯುವ ಅಭ್ಯಾಸ ನನಗಿರಲಿಲ್ಲ. ಯಂತ್ರ ಪ್ರತಿಯೊಂದು ಹನಿಯನ್ನೂ ಬರೆದಿಡುತ್ತದೆ. ಶುಕ್ರವಾರ ಮಧ್ಯಾಹ್ನ ನಾಲ್ಕು ಗಂಟೆ. ಒಂದನೇ ದಾರಿ. ಹಾಲಿನ ಪ್ರೋಟೀನ್, ಎರಡು ಸಲ. ಯಂತ್ರ ಬಳಸಿದವರ ಜಾಗದಲ್ಲಿ ನನ್ನ ಹೆಸರಿತ್ತು.

ನನ್ನ ಗುಪ್ತಪದ ಗೊತ್ತಿರುವುದು ಪ್ರಪಂಚದಲ್ಲಿ ಇನ್ನೊಬ್ಬಳಿಗೆ ಮಾತ್ರ. ಕೆಲಸ ಕಲಿಸುವಾಗ ನಾನೇ ಕೊಟ್ಟದ್ದು. ನನ್ನ ತಮ್ಮನ ಮಗಳಿಗೆ.

ಐದು ವರ್ಷದಿಂದ ಅವಳು ನನ್ನ ಮನೆಯಲ್ಲೇ ಇದ್ದಾಳೆ. ಪ್ರಯೋಗಾಲಯದಿಂದ ಎರಡು ನಿಲ್ದಾಣ, ಮೂರನೇ ಮಹಡಿ, ಎರಡು ಕೋಣೆಯ ಮನೆ. ಬೆಳಿಗ್ಗೆ ಒಂದೇ ಬಸ್ಸಿಗೆ ಹೊರಡುತ್ತೇವೆ, ಒಂದೇ ಥರದ ಊಟದ ಡಬ್ಬಿ ಹಿಡಿದು. ಸ್ವಜನಪಕ್ಷಪಾತ ಎಂದು ಯಾರೂ ಬಾಯಿ ಬಿಡಬಾರದು ಎಂದು ಮೊದಲ ದಿನವೇ ಹೇಳಿದ್ದೆ: ಮನೆಯಲ್ಲಿ ಅತ್ತೆ, ಅಲ್ಲಿ ಎಲ್ಲರ ಹಾಗೆ ಚಿಪ್ಪಕ್ಕ, ಅಲ್ಲಿ ನೀವು ಎನ್ನಬೇಕು. ಒಂದು ಸಲವೂ ತಪ್ಪಿಲ್ಲ ಅವಳು. ಮೂತ್ರಪಿಂಡ ಕೆಡಲು ಶುರುವಾದಾಗ ರಕ್ತದಲ್ಲಿ ಒಂದು ಪ್ರೋಟೀನ್ ಕಾಣಿಸಿಕೊಳ್ಳುತ್ತದೆ. ಅದನ್ನೇ ಗುರುತಿಸಿ ಹಿಡಿಯುವ ಪುಟ್ಟ ಅಣುವೊಂದನ್ನು ಅವಳು ಕಟ್ಟಿದ್ದಳು. ಐದು ವರ್ಷದ ಕೆಲಸ, ಇನ್ನೂರು ಪುಟದ ಪ್ರಬಂಧ. ಗುರುವಾರ ಅದಕ್ಕೆ ದೊಡ್ಡವರ ಸಹಿ ಬಿದ್ದರೆ ಪದವಿ. ದೊಡ್ಡವರು ಎಂದರೆ ನಮ್ಮ ವಿಭಾಗದ ಮುಖ್ಯಸ್ಥರು.

ನನ್ನ ಮನೆಯ ಅನ್ನ ತಿಂದು, ನನ್ನ ಹೆಸರಲ್ಲಿ, ನನ್ನ ಯಂತ್ರದಲ್ಲಿ ಕಳ್ಳತನ! ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂದು ಬಸ್ಸಿನಲ್ಲಿ ಗಟ್ಟಿಯಾಗಿಯೇ ಗೊಣಗಿದೆ. ಪಕ್ಕದಲ್ಲಿ ಕೂತಿದ್ದವರು ಎದ್ದು ಬೇರೆ ಸೀಟಿಗೆ ಹೋದರು.

ಸಂಜೆ ಆರಕ್ಕೆ ಮನೆಗೆ ಬಂದಾಗ ಅವಳು ಊಟದ ಮೇಜಿನ ತುಂಬ ಹಾಳೆ ಹರಡಿಕೊಂಡು ಕೂತಿದ್ದಳು. ಕಿವಿಯ ಹಿಂದೆ ಪೆನ್ಸಿಲ್ಲು.

"ಬಂದ್ಯಾ ಅತ್ತೆ? ಟೀ ಮಾಡಿದೀನಿ. ಇವತ್ತು ಯಾರಿಗೆ ಗ್ರಹಚಾರ ಬಿಡಿಸಿದೆ?"

"ನಿನಗೆ ಬಿಡಿಸ್ತೀನಿ ಈಗ. ಒಂದನೇ ದಾರಿಗೆ ಹಾಲು ಕುಡಿಸಿದ್ದು ಯಾರು?"

"ನಾನು," ಎಂದಳು. ಮುಖದಲ್ಲಿ ಒಂದಿಷ್ಟೂ ಗಾಬರಿಯಿಲ್ಲ. "ಅಯ್ಯೋ, ಚಿಪ್ ಅಲ್ಲೇ ಮರೆತು ಬಂದ್ನಾ? ಸಾರಿ. ಕೊನೇ ಚಿತ್ರ ಒಂದು ಬಾಕಿ ಇತ್ತು, ಗಡಿಬಿಡೀಲಿ..."

"ಚಿಪ್ ಮರೆತದ್ದಲ್ಲ ಕಣೇ! ಖಾಲಿ ದಾರೀನ ಮುಚ್ಚಿ ಹಾಕಿ, ಎಲ್ಲಾ ಎರಡನೇದಕ್ಕೇ ಅಂಟಿತು ಅಂತ ಚಿತ್ರ ಬರೀತೀಯಾ? ಹೊಟ್ಟೆಗೆ ಏನ್ ತಿಂತೀಯ? ನಿಮ್ಮಪ್ಪನಿಗೆ ಏನ್ ಹೇಳ್ಲಿ? ಸುಳ್ಳು ಲೆಕ್ಕ ಬರಿಯೋಕೆ ನನ್ನ ಮನೇನೇ ಬೇಕಿತ್ತಾ ನಿನಗೆ?"

ಅವಳು ಪೆನ್ಸಿಲನ್ನು ಕಿವಿಯಿಂದ ತೆಗೆದು ಮೇಜಿನ ಮೇಲಿಟ್ಟಳು. ಎದ್ದು ಒಳಗೆ ಹೋಗಿ ಕಟ್ಟು ಹಾಕಿಸಿದ ನೆರಳಚ್ಚಿನ ಪ್ರತಿಯೊಂದನ್ನು ತಂದಳು. ನನಗೆ ಗುರುತು ಸಿಕ್ಕಿತು. ನಮ್ಮಲ್ಲಿ ಅದಕ್ಕೆ ಅಡುಗೆ ಪುಸ್ತಕ ಎನ್ನುತ್ತಾರೆ. ಯಂತ್ರ ನಡೆಸುವ ವಿಧಾನವನ್ನು ನಾನು ಕೈಯಲ್ಲಿ ಬರೆದ ನೋಟ್‌ಪುಸ್ತಕ ಅದು. ಹೊಸಬರು ಬಂದಾಗೆಲ್ಲ ಹಿಂದಿನವರ ಪ್ರತಿಯಿಂದ ತಮಗೊಂದು ಮಾಡಿಸಿಕೊಳ್ಳುತ್ತಾರೆ. ಮೂಲ ನನ್ನ ಬೀರುವಿನಲ್ಲಿದೆ. ಅದನ್ನು ತೆರೆದು ಎಷ್ಟು ವರ್ಷವಾಯಿತೋ. ಕೈಗೇ ಬರುವ ಕೆಲಸಕ್ಕೆ ಪುಸ್ತಕ ಯಾಕೆ?

"ಹದಿನೇಳನೇ ಸಾಲು ಓದು ಅತ್ತೆ."

ಓದಿದೆ. ನನ್ನ ದುಂಡನೆಯ ಅಕ್ಷರ. "ಒಂದನೇ ದಾರಿ ಹಠ ಮಾಡಿದರೆ, ಅದಕ್ಕೆ ಮಾತ್ರ ಎರಡು ಸಲ ಹಾಲಿನ ಪ್ರೋಟೀನ್ ಕೊಟ್ಟು ಸಮಾಧಾನ ಮಾಡುವುದು."

"ಐದು ವರ್ಷದಿಂದ ಇದನ್ನೇ ಮಾಡ್ತಾ ಇದೀನಿ," ಎಂದಳು. "ನನ್ನ ಅಣು ಮೊದಲಿಂದ್ಲೂ ಒಂದನೇ ದಾರೀಲಿ ಹಠ ಮಾಡ್ತಿತ್ತು. ಹದಿನೇಳು ಮಾಡಿದ ಮೇಲೆ ಸರಿ ಹೋಯ್ತು. ಎಲ್ರೂ ಮಾಡ್ತಾರೆ."

"ಬಾಗಿಲ ಮೇಲೆ ಅಷ್ಟು ದೊಡ್ಡದಾಗಿ ಬರೆದಿದೀನಲ್ಲ, ಮುಟ್ಟಬಾರದು ಅಂತ!"

"ಅಂದ್ರೆ ಅದರಲ್ಲಿ ನಮ್ಮ ಪ್ರೋಟೀನ್ ಕೂರಿಸಬಾರದು ಅಂತ ಅಂದ್ಕೊಂಡ್ವಿ. ಎರಡನ್ನೂ ನೀನೇ ಬರೆದಿರೋದು. ಗೊತ್ತಿದ್ದೇ ಬರೆದಿರ್ತೀಯ ಅಂತ."

"ಕೇಳಬೇಕಿತ್ತು ನನ್ನನ್ನ!"

"ಕೇಳಿದ್ದೆ." ಅವಳು ಆ ಸಾಲಿನ ಮೇಲೆ ಬೆರಳಿಟ್ಟಳು. "ಮೊದಲನೇ ವರ್ಷ. ಇದೇ ಪುಟ ಹಿಡ್ಕೊಂಡು ನಿನ್ನ ಕೋಣೆಗೆ ಬಂದೆ. ನನಗೆ ಬಾಯಿ ತೆರೆಯೋಕೂ ಬಿಡಲಿಲ್ಲ ನೀನು. 'ಪುಸ್ತಕದಲ್ಲಿ ಇರೋದನ್ನ ಓದೋಕೂ ಬರಲ್ವಾ, ಬರೆದಿರೋ ಹಾಗೆ ಮಾಡು ಹೋಗು' ಅಂತ ಎಲ್ಲರ ಮುಂದೆ ಬೈದು ಕಳಿಸಿದೆ. ಆಮೇಲೆ ಯಾರು ಕೇಳ್ತಾರೆ ನಿನ್ನನ್ನ? ಯಾರಿಗಿದೆ ಆ ಧೈರ್ಯ?"

ಟೀ ಆರಿಹೋಗಿತ್ತು. ಆ ಸಂಜೆ ಮೊದಲ ಬಾರಿಗೆ ನಾನು ಕೂತೆ.

ಆ ಸಾಲು ನೆನಪಿಲ್ಲದೆ ಏನು? ಹನ್ನೊಂದು ವರ್ಷದ ಹಿಂದಿನ ಮಾತು. ದೊಡ್ಡವರು ಆಗ ಇನ್ನೂ ದೊಡ್ಡವರಾಗಿರಲಿಲ್ಲ. ಅವರ ಒಂದು ಔಷಧಿ ಖಾಲಿ ದಾರಿಗೂ ಅಂಟುತ್ತಿತ್ತು. ಲೇಖನ ಕಳಿಸಲು ಎರಡು ದಿನ ಉಳಿದಿತ್ತು. ನನ್ನ ಕುರ್ಚಿಯ ಬೆನ್ನಿಗೆ ಕೈಯಿಟ್ಟು ನಿಂತು, "ಒಂದನೇದು ಯಾಕೋ ಹಠ ಮಾಡ್ತಿದೆ. ಸ್ವಲ್ಪ ಸಮಾಧಾನ ಮಾಡಿ ಅದನ್ನ. ನಿಮಗೆ ಗೊತ್ತಿಲ್ಲದ್ದು ಏನಿದೆ?" ಎಂದರು. ಆ ಕೊನೆಯ ಮಾತಿಗೆ ನಾನು ಹಿಗ್ಗಿ ಹೀರೇಕಾಯಿಯಾದೆ. ಸಮಾಧಾನ ಮಾಡಿದೆ. ಇದು ಮೋಸವಲ್ಲ, ಕೈಚಳಕ ಎಂದು ನನಗೆ ನಾನೇ ಹೇಳಿಕೊಂಡು ಅಡುಗೆ ಪುಸ್ತಕದಲ್ಲಿ ಬರೆದೂ ಇಟ್ಟೆ. ಅವರ ಲೇಖನ ಹೊರಬಂತು, ಅವರು ಮೇಲೆ ಹೋದರು, ಕೆಲಸ ಕಾಯಂ ಆಗಿ ನನಗೊಂದು ಸ್ವಂತ ಕೋಣೆ ಸಿಕ್ಕಿತು. ಕೋಣೆ ಸಿಕ್ಕ ವಾರವೇ ಕೆಂಪು ಅಕ್ಷರದ ಹಾಳೆ ಅಂಟಿಸಿದ್ದು. ಆ ಸಾಲನ್ನು ಹೊಡೆದುಹಾಕಬೇಕು ಎಂದು ಎಷ್ಟು ಸಲ ಅಂದುಕೊಂಡೆನೆಂದರೆ, ಹೊಡೆದುಹಾಕಿದ್ದೇನೆ ಎಂದೇ ನಂಬಿಬಿಟ್ಟಿದ್ದೆ.

ಥೂ ನನ್ನ ಜನ್ಮಕ್ಕೆ.

ಮಂಗಳವಾರ ಬೆಳಿಗ್ಗೆ ಸೀದಾ ದೊಡ್ಡವರ ಕೋಣೆಗೆ ಹೋದೆ. ಕಿಟಕಿಯ ಬಳಿ ಗಿಡಕ್ಕೆ ನೀರು ಹಾಕುತ್ತಿದ್ದರು. ಎಲ್ಲ ಹೇಳಿದೆ. ಅವರು ಎಲೆಯ ಮೇಲಿನ ಧೂಳನ್ನು ಒರೆಸುತ್ತ ಕೇಳಿದರು.

"ಹಳೇ ಕಥೆ ಯಾಕೆ ಕೆದಕ್ತೀರಿ? ಹುಡುಗಿ ಗುರುವಾರ ಪ್ರಬಂಧ ಕೊಡಲಿ, ನಾನು ಸಹಿ ಹಾಕ್ತೀನಿ. ಆಮೇಲೆ ನೀವು ನಿಧಾನಕ್ಕೆ ಆ ಪುಸ್ತಕ ತಿದ್ದಿಕೊಳ್ಳಿ. ಹಾವೂ ಸಾಯಬಾರದು, ಕೋಲೂ ಮುರೀಬಾರದು."

"ನೀವು ಹೇಳಿದ್ದಕ್ಕೇ ಅಲ್ವಾ ಸಾರ್ ನಾನು ಮಾಡಿದ್ದು?"

"ನಾನಾ?" ಎಂದು ತಿರುಗಿದರು. ಮುಖದಲ್ಲಿ ನಗು ಹಾಗೇ ಇತ್ತು. "ಎಲ್ಲಿ ಹೇಳಿದೀನಿ? ಪುಸ್ತಕದಲ್ಲಿ ಇರೋದು ಯಾರ ಅಕ್ಷರ?"

ಕೈಯಲ್ಲಿ ಏನಾದರೂ ಇದ್ದಿದ್ದರೆ ಎಸೆದುಬಿಡುತ್ತಿದ್ದೆ. ನಿಜ ಹೇಳಬೇಕೆಂದರೆ, ಅವರು ಹೇಳಿದ್ದರಲ್ಲಿ ತಪ್ಪು ಹುಡುಕಲು ಆಗಲಿಲ್ಲ, ಅದಕ್ಕೇ ಅಷ್ಟು ಕೋಪ ಬಂದದ್ದು. ನಾನೇ ಓಡಿಸಿದ ಹಳೆಯ ಚಿಪ್ಪುಗಳನ್ನೆಲ್ಲ ಬಿಸ್ಕತ್ತಿನ ಡಬ್ಬಿಯಲ್ಲಿ ಚೀಟಿ ಅಂಟಿಸಿ ಇಟ್ಟಿದ್ದೇನೆ. ಆ ವರ್ಷದ ಚಿಪ್ಪೂ ಅದರಲ್ಲಿದೆ. ಅದರ ಚೀಟಿಯ ಮೇಲೂ ನನ್ನದೇ ಅಕ್ಷರ. ಆ ಮನುಷ್ಯ ಹನ್ನೊಂದು ವರ್ಷದಲ್ಲಿ ನನ್ನ ಕೋಣೆಯ ಒಂದು ಕಾಗದಕ್ಕೂ ಪೆನ್ನು ತಾಗಿಸಿರಲಿಲ್ಲ.

ಮೆಟ್ಟಿಲಿಳಿದು ಬರುವಷ್ಟರಲ್ಲಿ ನನ್ನ ಬುದ್ಧಿ ಇನ್ನೊಂದು ಕಡೆ ಹೊರಳಿತ್ತು. ಮಗು ಐದು ವರ್ಷ ಬೆವರು ಸುರಿಸಿದ್ದಾಳೆ. ಎರಡೇ ದಿನದ ಮಾತು. ಅವಳು ನನ್ನ ಕೋಣೆಯಲ್ಲಿ ಕಾಯುತ್ತಿದ್ದಳು.

"ಗುರುವಾರ ಒಂದು ಕಳೀಲಿ," ಎಂದೆ. "ಆಮೇಲೆ ನೋಡೋಣ."

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಇದು ನಿಮ್ಮ ಮಾತಲ್ಲ ಚಿಪ್ಪಕ್ಕ, ಅವರ ಮಾತು. ಒಂದು ಹೊಸ ಚಿಪ್ ಕೊಡಿ."

"ಏನಕ್ಕೆ?"

"ನನ್ನ ಅಣು ನಿಜವಾಗ್ಲೂ ಹಿಡಿಯುತ್ತಾ ಅಂತ ನನಗೆ ಗೊತ್ತಾಗಬೇಕು. ಖಾಲಿ ದಾರಿ ಖಾಲಿಯಾಗೇ ಇರಲಿ. ನೀವೇ ಓಡಿಸಿ. ನಾನು ಮುಟ್ಟಲ್ಲ."

"ಹಿಡೀಲಿಲ್ಲ ಅಂದ್ರೆ ಪ್ರಬಂಧ ಹೋಯ್ತು ಕಣೇ. ಐದು ವರ್ಷ!"

"ಹಿಡೀದೇ ಇರೋದನ್ನ ಹಿಡಿಯುತ್ತೆ ಅಂತ ಬರೆದ್ರೆ, ನಾಳೆ ಯಾರದೋ ರಕ್ತ ನೋಡಿ ನಿಮಗೆ ಏನೂ ಆಗಿಲ್ಲ ಅಂತ ಮನೆಗೆ ಕಳಿಸ್ತಾರೆ. ಚಿಪ್ ಕೊಡಿ."

ಬುಧವಾರ ಬೆಳಿಗ್ಗೆ ಎಂಟಕ್ಕೆ ಶುರು ಮಾಡಿದೆ. ನಾಲ್ಕೂ ದಾರಿಗೆ ಒಂದೇ ಉಪ್ಪುನೀರು, ಒಂದೇ ವೇಗ, ಒಂದೇ ಹೊತ್ತು. ಪ್ರೋಟೀನ್ ಎರಡು, ಮೂರು, ನಾಲ್ಕಕ್ಕೆ ಮಾತ್ರ. ಅದು ಕೂರಲು ಮೂರು ಗಂಟೆ ಬೇಕು. ಅವಳು ಗೋಡೆಗೆ ಒರಗಿ, ಕೈಕಟ್ಟಿ ನಿಂತಿದ್ದಳು. ಕುರ್ಚಿ ತೋರಿಸಿದೆ, ಕೂರಲಿಲ್ಲ. ಡಬ್ಬಿ ತೆರೆದೆ, ತಿನ್ನಲಿಲ್ಲ. ದೇವರೇ ಆ ಗೆರೆ ಒಂದನೇ ದಾರಿಯಲ್ಲಿ ಮಲಗಿರಲಿ ಎಂದು ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಯಂತ್ರದ ಮುಂದೆ ಬೇಡಿಕೊಂಡೆ.

ಹನ್ನೊಂದೂ ಕಾಲಿಗೆ ಅವಳ ಅಣುವನ್ನು ಬಿಟ್ಟೆ. ಎರಡನೇ ಗೆರೆ ಏರಿತು. ಚೆಂದವಾಗಿ, ದುಂಡಗೆ ಬಾಗಿ ಏರಿತು. ಅದರ ಪಕ್ಕದಲ್ಲೇ ಒಂದನೆಯದೂ ಏರಿತು, ಅಷ್ಟೇ ಎತ್ತರಕ್ಕೆ, ಅಷ್ಟೇ ಚೆಂದಕ್ಕೆ. ಒಂದರ ಮೇಲೊಂದು ಕೂತು, ಎರಡು ಗೆರೆ ಎಂದು ಹೇಳುವುದೇ ಕಷ್ಟವಾಯಿತು. ಕಳೆದೆ. ಉಳಿದದ್ದು ನೆಲಕ್ಕೆ ಅಂಟಿದ ಒಂದು ಚಪ್ಪಟೆ ಗೆರೆ.

"ಇನ್ನೊಂದ್ಸಲ," ಎಂದಳು. ಇನ್ನೊಂದು ಸಲ ಬಿಟ್ಟೆ. ಮೂರನೇ ಸಲವೂ ಬಿಟ್ಟೆ. ಆಮೇಲೆ ಅವಳೇ ಸಾಕು ಎಂದು ಕೈ ಸನ್ನೆ ಮಾಡಿದಳು.

ಅಳುತ್ತಾಳೆ ಎಂದುಕೊಂಡೆ. ಅಳಲಿಲ್ಲ. "ಮೊದಲನೇ ವರ್ಷ ನೀವು ಬಾಯಿ ಮುಚ್ಚಿಕೊಂಡು ನನ್ನ ಮಾತು ಒಂದು ನಿಮಿಷ ಕೇಳಿದ್ದಿದ್ರೆ, ಆ ವರ್ಷವೇ ಇದನ್ನ ಬಿಟ್ಟು ಬೇರೆ ಅಣು ಕಟ್ಟಿರ್ತಿದ್ದೆ," ಎಂದು ಹೊರಟುಹೋದಳು. ಬಾಗಿಲನ್ನು ದಬ್ಬಲಿಲ್ಲ, ಮೆಲ್ಲಗೆ ಮುಚ್ಚಿದಳು.

ಗುರುವಾರ ಪ್ರಬಂಧದ ಬದಲು ಒಂದು ಪುಟದ ಪತ್ರ ತಂದಳು. ನನ್ನ ಪ್ರಬಂಧವನ್ನು ನಾನೇ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದೇನೆ, ಹದಿನೇಳನೆಯ ಸಾಲಿನಂತೆ ನಡೆಸಿದ ಪ್ರಯೋಗಗಳನ್ನೆಲ್ಲ ಮತ್ತೆ ನೋಡಬೇಕು, ಪುಸ್ತಕದ ಪ್ರತಿ ಇಟ್ಟುಕೊಂಡವರು ಇಪ್ಪತ್ತಾರು ಜನ, ಅವರ ಪಟ್ಟಿ ಕೆಳಗಿದೆ, ಎಂದು ಬರೆದಿದ್ದಳು. ಪುಟದ ಕೊನೆಯಲ್ಲಿ ವಿಧಾನ ಬರೆದವರ ಸಹಿಗೆ ಜಾಗ ಬಿಟ್ಟಿದ್ದಳು. ಕೋಪವಾಗಲಿ ದೂರಾಗಲಿ ಒಂದು ಅಕ್ಷರವೂ ಅದರಲ್ಲಿರಲಿಲ್ಲ. ಅದೇ ನನಗೆ ಹೆಚ್ಚು ಉರಿಯಿತು.

ಸಹಿ ಹಾಕುವ ಮೊದಲು, ಪುಟದ ಅಂಚಿನಲ್ಲಿ ಜಾಗವಿದ್ದಷ್ಟು ಬರೆದೆ. ಹನ್ನೊಂದು ವರ್ಷದ ಹಿಂದೆ ಯಾರು ನನ್ನ ಕುರ್ಚಿಯ ಬೆನ್ನಿಗೆ ಕೈಯಿಟ್ಟು ನಿಂತು ಏನೆಂದರು, ಅಕ್ಷರ ಅಕ್ಷರ. ನಾನು ಯಾಕೆ ಒಪ್ಪಿದೆ ಎನ್ನುವುದನ್ನೂ ಬರೆದೆ. ಯಾರ ಅಕ್ಷರ ಎಂದು ಕೇಳಿದರಲ್ಲ, ಇದೂ ನನ್ನದೇ ಅಕ್ಷರ, ಓದಿಕೊಳ್ಳಲಿ. ಆಮೇಲೆ ಟೈ ಸಾಹೇಬನ ಮೇಜಿಗೆ ಹೋಗಿ, ಎಲ್ಲರ ಮುಂದೆ ಬೈದದ್ದಕ್ಕೆ ಎಲ್ಲರ ಮುಂದೆ ತಪ್ಪಾಯಿತು ಎಂದೆ. ಅವನು ಗಾಬರಿಯಿಂದ ಎದ್ದು ನಿಂತು ಟೈ ಮುಟ್ಟಿಕೊಂಡ. ಪಾಪ, ಅದು ಅವನ ಅಭ್ಯಾಸ ಅಷ್ಟೇ.

ಸಂಜೆ ಮನೆಗೆ ಬಂದಾಗ ಬಾಗಿಲ ಬಳಿ ಎರಡು ಚೀಲ ಇದ್ದವು. ಊಟದ ಮೇಜಿನ ಮೇಲೆ ಒಂದು ಹಾಳೆಯೂ ಇರಲಿಲ್ಲ. ಅವಳು ಚಪ್ಪಲಿ ಮೆಟ್ಟುತ್ತಿದ್ದಳು.

"ಎಲ್ಲಿಗೆ?"

"ಗೆಳತಿ ಮನೆಗೆ. ಇನ್ನೊಂದು ಪ್ರಯೋಗಾಲಯದಲ್ಲಿ ಕೇಳಿದೀನಿ. ಮೊದಲಿಂದ ಶುರು ಮಾಡಬೇಕು."

"ಇಲ್ಲೇ ಇದ್ದು ಮಾಡಬಹುದಲ್ಲ! ನಾನು ಸಹಿ ಹಾಕಲಿಲ್ವಾ? ಎಲ್ಲಾ ಬರೆದುಕೊಡಲಿಲ್ವಾ? ಇನ್ನೇನು ಮಾಡಬೇಕಿತ್ತು ನಾನು?" ದನಿ ಏರಿಹೋಯಿತು. ಏರಬಾರದು ಎಂದುಕೊಂಡೇ ಬಂದಿದ್ದೆ.

ಅವಳು ಚೀಲ ಎತ್ತಿಕೊಂಡಳು. "ನೀವು ಸಹಿ ಹಾಕಿದ್ದು ಒಳ್ಳೇದಾಯ್ತು. ಆದ್ರೆ ನನಗೆ ಕೋಪ ಇಲ್ಲ ಅಂತ ಸುಳ್ಳು ಹೇಳೋಕೆ ಬರಲ್ಲ. ಇದೆ. ತುಂಬಾ ಇದೆ."

ಅಪ್ಪನಿಗಾದರೂ ಫೋನ್ ಮಾಡು, ಊಟ ಮಾಡಿಕೊಂಡು ಹೋಗು, ಬಸ್ಸು ಸಿಗುತ್ತದೋ ಇಲ್ಲವೋ, ಏನೇನೋ ಬಾಯಿಗೆ ಬಂತು. ಕೊನೆಗೂ ಬಾಯಿ ಮುಚ್ಚಿಕೊಂಡು ಕೇಳಲು ನಿಂತೆ. ಆದರೆ ಅವಳಿಗೆ ಹೇಳುವುದು ಹೆಚ್ಚೇನೂ ಇರಲಿಲ್ಲ.

"ಕೀ ಮೇಜಿನ ಮೇಲಿಟ್ಟಿದೀನಿ," ಎಂದಳು. "ಬರ್ತೀನಿ, ಚಿಪ್ಪಕ್ಕ."